ಒಂದೇ ಮೈಯಲ್ಲಿ ಪಂಕ್ತಿಭೇದ

ಚಿಟ್. ಚಿಟ್. ಚಿಟ್. ಬಿಸಿ ಎಣ್ಣೆಗೆ ಬಿದ್ದ ಸಾಸಿವೆ ಸಿಡಿಯುತ್ತದಲ್ಲ, ಅದೇ ಸದ್ದು. ಆದರೆ ಅಳತೆ ಹಿಡಿದ ಹಾಗೆ, ಒಂದರ ಹಿಂದೆ ಒಂದು, ಎಲ್ಲೂ ಅವಸರವಿಲ್ಲ. ಅದರ ಪಕ್ಕದಲ್ಲಿ ಹೊಗೆ ಎಳೆದುಕೊಳ್ಳುವ ಕೊಳವೆಯ ಒಂದೇ ಸಮನೆಯ ಉಸಿರು. ನಮ್ಮ ಲೇಸರ್ ಕೋಣೆಯಲ್ಲಿ ಇದ್ದ ಸದ್ದು ಇಷ್ಟೇ. ಮೇಜಿನ ಮೇಲೆ ಮಲಗಿದವರು ಕಣ್ಣಿಗೆ ಕವಚ ಹಾಕಿಕೊಂಡು ಆ ಚಿಟ್ ಚಿಟ್ ಎಣಿಸುತ್ತಿದ್ದರು. ನಿಂತ ಕೂಡಲೇ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮುಗೀತೇನ್ರಿ ಸಿಸ್ಟರ?"

ನಾನೀಗ ಚಿಕ್ಕೋಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಒಬ್ಬಳ ಒಗ್ಗರಣೆಗೆ ಎಷ್ಟು ಸಾಸಿವೆ ಬೇಕು? ಒಂದು ಚಿಟಿಕೆ. ಅದು ಸಿಡಿದು ಮುಗಿದಾಗ ಯಾರಾದರೂ "ಮುಗೀತೇನ್ರಿ" ಎಂದು ಕೇಳಿಯಾರು ಅಂತ ದಿನಾಲೂ ಒಂದು ಕ್ಷಣ ಕಾಯುತ್ತೇನೆ. ಆಮೇಲೆ ಗ್ಯಾಸ್ ಆರಿಸುತ್ತೇನೆ.

ಹೋದ ತಿಂಗಳು ಒಬ್ಬ ಹುಡುಗಿ ಮನೆ ಹುಡುಕಿಕೊಂಡು ಬಂದಿದ್ದಳು. ನಾನು ಮಾಡುತ್ತಿದ್ದ ಕೆಲಸಕ್ಕೇ ಬೇರೊಂದು ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದವಳು. "ಮ್ಯಾಡಮ್, ಸ್ಟಡಿ ಕೋಆರ್ಡಿನೇಟರ್ ಅಂದ್ರೆ ಎಕ್ಸಾಕ್ಟ್ಲಿ ಏನ್ ಮಾಡ್ಬೇಕು?" ಎಂದು ಕೇಳಿದಳು. ನಾನು ಚಹಾ ಕೊಟ್ಟು, ಪೇಷನ್ಸ್, ಆನೆಸ್ಟಿ, ಡಾಕ್ಯುಮೆಂಟೇಶನ್ ಎಂದು ಒಂದಷ್ಟು ಹೇಳಿ ಕಳಿಸಿದೆ. ಅವಳು ಮೆಟ್ಟಿಲಿಳಿದು ಹೋದ ಮೇಲೆ ನಾಚಿಕೆಯಾಯಿತು. ಅದೆಲ್ಲ ಅವಳಿಗೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕುಳಿತಿದ್ದೇನೆ.

ನಾನು ನಿಪ್ಪಾಣಿಯ ಜೈನ ವ್ಯಾಪಾರಸ್ಥರ ಮನೆಯ ಮಗಳು. ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಹಾಗಾಗಿ ನನ್ನ ಕನ್ನಡದಲ್ಲಿ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ಇಂಗ್ಲಿಷು ಸಿಗುತ್ತದೆ. ಸಹಿಸಿಕೊಳ್ಳಿ. ನರ್ಸಿಂಗ್ ಓದುತ್ತೇನೆ ಎಂದಾಗ ಅಪ್ಪ ಒಂದು ವಾರ ಮಾತು ಬಿಟ್ಟಿದ್ದರು. ಮದುವೆ ಬೇಡ ಎಂದಾಗ ಅವ್ವ ಬಿಟ್ಟಳು. ಹಲವು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಈ ಭಾಗದ ಒಂದು ಟ್ರಸ್ಟ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಬಂದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಗಾಯ ಮಾಗಿದ ಮೇಲೂ ಉಳಿಯುವ ಕಲೆಗಳನ್ನು ಯಂತ್ರದಿಂದ ಕಡಿಮೆ ಮಾಡಬಹುದೇ, ಮಾಡಿದರೆ ಎಷ್ಟು, ಎಂದು ಅಳೆದು ನೋಡುವ ಅಧ್ಯಯನಗಳು ಅಲ್ಲಿ ನಡೆಯುತ್ತಿದ್ದವು. ಯಂತ್ರ ನಡೆಸುವವರು ಡಾಕ್ಟರು. ಫೋಟೋ ತೆಗೆಯುವುದು, ಅಳೆಯುವುದು, ಕೇಳುವುದು, ಬರೆಯುವುದು, ತಪ್ಪಿಸಿಕೊಂಡವರನ್ನು ಬಸ್ಸು ಹಿಡಿದು ರಾಯಬಾಗ, ಅಥಣಿ, ಕಾಗವಾಡದ ತನಕ ಹುಡುಕಿಕೊಂಡು ಹೋಗುವುದು ನನ್ನ ಪಾಲು.

ಮೊದಲು ಬಂದದ್ದು ಸೂಜಿಯ ರೋಲರ್. ಅಂಗೈಯಲ್ಲಿ ಹಿಡಿಯುವ ಪುಟ್ಟ ಉರುಳೆ; ಮೈತುಂಬ ಕೂದಲಿನಷ್ಟು ಸಣ್ಣ ಸೂಜಿಗಳು. ಮೊಡವೆಯಿಂದ ಕುಳಿ ಬಿದ್ದ ಕೆನ್ನೆಯ ಮೇಲೆ ಉರುಳಿಸಿದರೆ ಚರ್ಮ ಬೆಚ್ಚಿಬಿದ್ದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ವಿಚಾರ. ಅಥಣಿ ಕಡೆಯ ದ್ರಾಕ್ಷಿ ತೋಟದ ಹುಡುಗನೊಬ್ಬ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಸಿಸ್ಟರ, ಇದು ನಮ್ಮ ಹೊಲದಾಗಿನ ಕುಂಟಿ ಇದ್ದಂಗ ಐತಲ್ರಿ. ಹರಗೂದೇನೋ ಹರಗತೀರಿ, ಬೆಳಿ ಯಾವಾಗ ಬರತೈತಿ?" ಎಂದ.

"ಮೂರ ತಿಂಗಳಿಗಿ."

"ಸತ್ತೆ! ನನ್ನ ಲಗ್ನ ಎರಡ ತಿಂಗಳಿಗೇ ಐತ್ರಿ."

ನನ್ನ ಮೊದಲ ದೊಡ್ಡ ಬ್ಲಂಡರ್ ಆ ಕಾಲದ್ದೇ. ಚಿಕಿತ್ಸೆಗೆ ಮುಂಚಿನ ಫೋಟೋಗಳನ್ನು ಪಕ್ಕದ ಗೋಡೆಯ ಟ್ಯೂಬ್‌ಲೈಟಿನ ಕೆಳಗೆ ತೆಗೆದೆ. ನಂತರದ ಫೋಟೋಗಳನ್ನು, ಕೋಣೆ ಬದಲಾಗಿತ್ತು, ಎದುರು ಕಿಟಕಿಯ ಬೆಳಕಿನಲ್ಲಿ ತೆಗೆದೆ. ಪಕ್ಕದಿಂದ ಬಿದ್ದ ಬೆಳಕು ಕುಳಿಯನ್ನು ಆಳ ಮಾಡಿ ತೋರಿಸುತ್ತದೆ, ಎದುರಿನಿಂದ ಬಿದ್ದದ್ದು ಮುಚ್ಚಿಬಿಡುತ್ತದೆ. ಎಲ್ಲ ಕೆನ್ನೆಗಳೂ ಒಮ್ಮೆಲೇ ಸುಂದರವಾಗಿದ್ದವು. ನಮ್ಮ ವಿಭಾಗದ ಮುಖ್ಯಸ್ಥರು, ಅವರನ್ನು ಇಲ್ಲಿ ಬರೀ ಸರ್ ಎನ್ನುತ್ತೇನೆ, ಬಹಳ ಖುಷಿಯಾಗಿ ನನಗೆ ಕಾಫಿ ತರಿಸಿದರು. ಆ ಕಾಫಿ ಕುಡಿಯುವಾಗಲೇ ನನಗೆ ಕಿಟಕಿ ಕಂಡದ್ದು. ಹೇಳಿಬಿಟ್ಟೆ. ಸರ್ ಫೋಟೋಗಳನ್ನು ಪಕ್ಕಕ್ಕೆ ಸರಿಸಿ, "ಥ್ಯಾಂಕ್ ಯೂ ಸಿಸ್ಟರ್. ಎಲ್ಲ ಮತ್ತೆ ತೆಗೀರಿ" ಎಂದರು. ಅಂದಿನಿಂದ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಎರಡು ಪಾದ ಬರೆಸಿ, ಎಲ್ಲರನ್ನೂ ಅದರ ಮೇಲೆಯೇ ನಿಲ್ಲಿಸಿ, ಒಂದೇ ದೀಪ, ಒಂದೇ ದೂರ, ಒಂದೇ ಮಾತು: "ಗದ್ದಾ ಮ್ಯಾಲ. ಬಲಕ್ಕ ಹೊಳ್ಳು. ಅಳಗ್ಯಾಡಬ್ಯಾಡ."

ಫೋಟೋ ಎಂದರೆ ಜನ ಜರಿ ಸೀರೆ ಉಟ್ಟು ಬರುತ್ತಿದ್ದರು. ನಿಪ್ಪಾಣಿಯ ಒಬ್ಬ ಹೆಂಗಸು ಕಲೆಯ ಮೇಲೆ ದಪ್ಪಗೆ ಪೌಡರ್ ಬಳಿದುಕೊಂಡು ಬಂದಿದ್ದಳು. ತೊಳೆದುಕೊಳ್ಳಲು ಹೇಳಿದ್ದಕ್ಕೆ, "ಕಲಿ ಕಾಣಬಾರ್ದಂತ ಬಂದೀನಿ, ನೀವು ಕಲೀದ ಫೋಟೋ ತಗೀತೀರಿ!" ಎಂದು ಸಿಟ್ಟಾಗಿ ಹೊರಟುಹೋದಳು.

ಇನ್ನು ಕೇಳುವ ಕೆಲಸ. ಇಂಗ್ಲಿಷ್ ಫಾರ್ಮಿನಲ್ಲಿ ಕಲೆಯ ನೋವು, ತುರಿಕೆ, ಬಿಗಿತ, ಬಣ್ಣ, ಎಲ್ಲಕ್ಕೂ ಒಂದರಿಂದ ಹತ್ತರವರೆಗೆ ಅಂಕ ಹಾಕಬೇಕು. "ಹತ್ತಕ್ಕ ಎಷ್ಟ ಕೊಡತೀರಿ?" ಎಂದರೆ ಜನ ಮಿಕಿಮಿಕಿ ನೋಡುತ್ತಿದ್ದರು. ಆದರೆ "ಎಷ್ಟಾಣೆ ಕಡಿಮಿ ಆಗೇತಿ?" ಎಂದರೆ ಸಾಕು, "ನಾಕಾಣೆ ಕಡಿಮಿ ಆಗೇತ್ರಿ", "ತಿಂಡಿ ಎಂಟಾಣೆ ಹೋಗೇತಿ, ಬಿಗುವು ಹಂಗ ಐತಿ" ಎಂದು ತಕ್ಷಣ ಹೇಳುತ್ತಿದ್ದರು. ತಿಂಡಿ ಎಂದರೆ ನಮ್ಮ ಕಡೆ ತುರಿಕೆ. ಆಣೆಯನ್ನು ಕಣ್ಣಿಂದ ಕಂಡಿರದ ಹುಡುಗಿಯರೂ ಆಣೆಯಲ್ಲೇ ಹೇಳುತ್ತಿದ್ದರು. ರೂಪಾಯಿಗೆ ಹದಿನಾರಾಣೆ; ನಾನು ಆ ಹದಿನಾರರ ಅಳತೆಯನ್ನು ಹತ್ತಕ್ಕೆ ಇಳಿಸಿ ಬರೆದುಕೊಳ್ಳುತ್ತಿದ್ದೆ. ಕಾಗವಾಡದ ಒಬ್ಬ ಮುದುಕರು, ಮುಂಗೈಯಲ್ಲಿ ಕುಡುಗೋಲಿನ ಹಳೆಯ ಕಲೆ ಇದ್ದವರು, ಅವರ ಪಾಳಿ ಮುಗಿದ ಮೇಲೂ ಬುಧವಾರ ಬುಧವಾರ ಬರುತ್ತಿದ್ದರು. "ಇವತ್ತ ಏನೂ ಕೇಳೂದಿಲ್ಲೇನ್ರಿ?" ಎಂದು ಬೆಂಚಿನ ಮೇಲೆ ಕೂರುತ್ತಿದ್ದರು. ನೋವಿದೆಯೇ, ತುರಿಕೆ ಇದೆಯೇ ಎಂದು ಅವರನ್ನು ಕೇಳುವವರು ಮನೆಯಲ್ಲಿ ಇದ್ದಂತಿರಲಿಲ್ಲ. ನಾನು ಕೇಳುತ್ತಿದ್ದೆ, ಬರೆದುಕೊಳ್ಳುತ್ತಿರಲಿಲ್ಲ. ಆಗ ನಗು ಬರುತ್ತಿತ್ತು. ಈಗ ಅವರು ಅರ್ಥವಾಗುತ್ತಾರೆ.

ಆಮೇಲೆ ಲೇಸರ್ ಬಂತು. ಸುಟ್ಟು ಉಬ್ಬಿದ ಕಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಜಾಳಿಗೆಯಂತೆ ಸುಡುತ್ತಾ ಹೋಗುವ ಯಂತ್ರ. ಒಂದು ಗಂಟೆ ಮೊದಲು ಮರಗಟ್ಟಿಸುವ ಕ್ರೀಮು ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಬೇಕು. ಆದರೂ ಉರಿಯುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ವಾರದೊಳಗೆ ಕಪ್ಪು ಚುಕ್ಕೆಗಳೆಲ್ಲ ಉದುರುತ್ತವೆ. ತಿಂಗಳುಗಳ ಮೇಲೆ ಗಟ್ಟಿ ಚರ್ಮ ಸ್ವಲ್ಪ ಸ್ವಲ್ಪವೇ ಸಡಿಲಾಗುತ್ತದೆ. ಪೂರ್ತಿ ಮಾಯವಾಗುವುದಿಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡಿ.

ಅಧ್ಯಯನದ ಕ್ರಮ ಹೀಗಿತ್ತು: ಒಬ್ಬರ ಕಲೆಯನ್ನು ಎರಡು ಭಾಗ ಮಾಡುವುದು. ಒಂದು ಭಾಗಕ್ಕೆ ಲೇಸರ್, ಇನ್ನೊಂದು ಭಾಗವನ್ನು ಹಾಗೇ ಬಿಡುವುದು. ಎರಡು ತಿಂಗಳಿಗೊಮ್ಮೆಯಂತೆ ನಾಲ್ಕು ಸಿಟಿಂಗ್. ಕೊನೆಯ ಸಿಟಿಂಗಿನ ಆರು ತಿಂಗಳ ಮೇಲೆ ಎರಡನ್ನೂ ಹೋಲಿಸುವುದು. ಅದೇ ಚರ್ಮ, ಅದೇ ವಯಸ್ಸು, ಅದೇ ಬಿಸಿಲು; ವ್ಯತ್ಯಾಸ ಕಂಡರೆ ಯಂತ್ರದ್ದೇ. ಯಾವ ಭಾಗಕ್ಕೆ ಎಂಬುದನ್ನು ಡಾಕ್ಟರೂ ಆರಿಸುವಂತಿಲ್ಲ, ನಾನೂ ಆರಿಸುವಂತಿಲ್ಲ. ಆರಿಸಿದರೆ ಸುಲಭದ್ದನ್ನೋ, ಮನಸ್ಸು ಕರಗಿದ್ದನ್ನೋ ಆರಿಸುತ್ತೇವೆ. ಅದಕ್ಕೇ ಸೀಲು ಮಾಡಿದ ಲಕೋಟೆಗಳು, ಒಂದು ಡಬ್ಬಿಯಲ್ಲಿ ಸಾಲಾಗಿ. ಸರದಿ ಬಂದವರ ಲಕೋಟೆ ಒಡೆದರೆ ಒಳಗೆ ಒಂದೇ ಪದ. ಬಂದದ್ದು ಬಂತು.

ರಾಜಶ್ರೀ ಕರೋಶಿಯವಳು. ಇಪ್ಪತ್ತೆರಡರ ಹುಡುಗಿ, ತೆಳ್ಳಗೆ, ಮಾತು ಕಡಿಮೆ. ಹದಿಮೂರನೆಯ ವಯಸ್ಸಿನಲ್ಲಿ ಬೆಲ್ಲದ ಗಾಣದಲ್ಲಿ ಕುದಿಯುವ ಕಬ್ಬಿನ ಹಾಲು ಚೆಲ್ಲಿ, ಎಡಗಿವಿಯ ಕೆಳಗಿನಿಂದ ಕೊರಳಿನಗುಂಟ ಹೆಗಲ ತನಕ ಸುಟ್ಟಿತ್ತು. ತಾಯಿ ಮೊದಲೇ ಇರಲಿಲ್ಲ. ತಂದೆಯ ತಾಯಿ ಗಂಗವ್ವ, ಅವಳ ಬಾಯಲ್ಲಿ 'ಆಯಿ', ಅವಳನ್ನು ಬೆಳೆಸಿದವಳು. ನಾನು ಅಧ್ಯಯನದ ಕ್ರಮವನ್ನೆಲ್ಲ ವಿವರಿಸಿ ಮುಗಿಸಿದಾಗ ಗಂಗವ್ವ ಸೊಂಟದ ಮೇಲೆ ಕೈಯಿಟ್ಟಳು.

"ನರ್ಸಬಾಯಾರ, ಅರ್ಧಾ ಮಾಡಿ ಅರ್ಧಾ ಬಿಡೂದಂದ್ರ ಹೆಂಗ್ರಿ? ಪಂಗ್ತಿಯೊಳಗ ಒಬ್ಬರಿಗಿ ತುಪ್ಪಾ ಬಡಿಸಿ ಬಾಜೂಕ ಕುಂತವರಿಗಿ ಬರೀ ಸವಟು ತೋರಸೂದು?"

"ಎರಡೂ ಹೋಲಿಸಿ ನೋಡಬೇಕಾಗತೈತಿ ಆಯಿ."

"ಇಬ್ಬರ ನಡುವ ಪಂಗ್ತಿಭೇದ ಮಾಡಿದವರನ್ನ ಕಂಡೀನಿ. ಒಂದ ಮೈಯಾಗ ಪಂಗ್ತಿಭೇದ ಮಾಡೂದು ಇವತ್ತ ಕಂಡೆ. ನಿಮ್ಮ ಸಾಹೇಬರು ಭಾಳ ಓದಿರಬೇಕು."

"ಸುಮ್ನಿರ ಬೇ ಆಯಿ," ಎಂದು ರಾಜಶ್ರೀ ಸಹಿ ಮಾಡಿದಳು.

ಲಕೋಟೆ ಒಡೆದಾಗ ಕೋಣೆಯಲ್ಲಿ ನಾವಿಬ್ಬರೇ. ಕೊರಳಿನ ನಡುಮಧ್ಯಕ್ಕೆ ನಾನು ಪೆನ್ನಿನಿಂದ ಗೆರೆ ಹಾಕಿದ್ದೆ. ಗೆರೆಯ ಮೇಲಿನದು ಒಂದು ಭಾಗ, ಕೆಳಗಿನದು ಇನ್ನೊಂದು. ಲಕೋಟೆಯಲ್ಲಿ 'ಕೆಳಗಿನ' ಎಂದು ಬಂತು.

ಅವಳು ಕಾಗದವನ್ನೇ ನೋಡುತ್ತಾ ಕುಳಿತಳು. "ಸಿಸ್ಟರ, ಕೆಳಗಿಂದು ಜಂಪರಿನೊಳಗ ಮುಚ್ಚಿ ಹೋಗತೈತ್ರಿ. ಪಾವಣ್ಯಾರು ಬಂದ್ರ ನೋಡೂದು ಮ್ಯಾಲಿಂದ."

ಜಂಪರು ಎಂದರೆ ರವಿಕೆ; ಪಾವಣ್ಯಾರು ಎಂದರೆ ಹೆಣ್ಣು ನೋಡಲು ಬರುವವರು. ನಮ್ಮ ಕಡೆ ಮದುವೆಯಾದ ಮೇಲೆ ತಲೆ ತುಂಬ ಸೆರಗು ಬರುತ್ತದೆ. ಕಿವಿ, ಕೊರಳು ಎಲ್ಲ ಅದರೊಳಗೆ. ಕಲೆ ಕಾಣುವುದು ಮದುವೆಯಾಗುವ ತನಕ ಮಾತ್ರ, ಮದುವೆ ತಪ್ಪಿಸುವಷ್ಟು ಕಾಲ ಮಾತ್ರ. ಎರಡು ಮನೆಯವರು ಅವಳನ್ನು ನೋಡಿ ಚಹಾ ಕುಡಿದು ಹೋಗಿದ್ದರು.

"ಡಬ್ಬಿಯಾಗ ಇನ್ನ ಭಾಳ ಲಕೋಟಿ ಅದಾವಲ್ರಿ. ಇನ್ನೊಂದ ತಗೀರಲ್ಲ," ಎಂದಳು. ಬೇಡಿಕೊಳ್ಳುವ ದನಿಯಲ್ಲ. ಅಂಗಡಿಯಲ್ಲಿ ಇನ್ನೊಂದು ಬಣ್ಣ ತೋರಿಸಿ ಎಂದಷ್ಟು ಸಹಜವಾಗಿ.

ತೆಗೆಯಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಆದರೆ ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸು ನನ್ನ ಬೆನ್ನುಹುರಿಯಲ್ಲಿ ಕುಳಿತಿದೆ, ಬಾಗಲು ಬಿಡುವುದಿಲ್ಲ. "ಆಗೂದಿಲ್ಲವ್ವ. ಆದ್ರ ಎಲ್ಲಾ ಮುಗದಮ್ಯಾಲ ಮ್ಯಾಲಿನ ಭಾಗಾನೂ ಮಾಡಿಸಿ ಕೊಡತೀನಿ. ಅದು ನನ್ನ ಮಾತು," ಎಂದೆ. ಸರ್ ಒಮ್ಮೆ ಹಾಗೆ ಅಂದಿದ್ದರು, 'ನೋಡೋಣ, ಕೊನೆಗೆ ಅದನ್ನೂ ಮಾಡೋಣ' ಎಂದು. ಆ 'ನೋಡೋಣ' ನನ್ನ ಬಾಯಿಗೆ ಬರುವಷ್ಟರಲ್ಲಿ ಬಿದ್ದುಹೋಗಿತ್ತು.

ಹೊರಗೆ ಬಂದು ಹೇಳಿದಾಗ ಗಂಗವ್ವ ಸೊಂಟದ ಸಂಚಿಯಿಂದ ಒಂದು ಪುಟ್ಟ ಚೀಲ ತೆಗೆದಳು. ಕೊಕಟನೂರ ಎಲ್ಲಮ್ಮನ ಭಂಡಾರ, ದೇವಿಯ ಅರಿಶಿನಪುಡಿ. "ಇದನ್ನ ಮುಟ್ಟಿ ಹೇಳ್ರಿ."

"ಆಯಿ, ನಾ ಜೈನರಾಕಿ."

"ಎಲ್ಲವ್ವ ಜಾತಿ ಕೇಳೂದಿಲ್ರಿ. ಮಾತು ಕೇಳತಾಳ."

ನಾನು ನಗುತ್ತಲೇ ಬೆರಳು ಅದ್ದಿದೆ. ಅದೇ ಬೆರಳಿನಿಂದ ಫೈಲು ಎತ್ತಿಕೊಂಡೆ. ರಾಜಶ್ರೀಯ ಲಕೋಟೆಯ ಮೇಲೆ ಹಳದಿ ಹೆಬ್ಬೆರಳು ಮೂಡಿತು. ಸರ್ ಅದನ್ನು ನೋಡಿ, "ವಾಟ್ ಈಸ್ ದಿಸ್ ಸಿಸ್ಟರ್, ಬಜಿ ತಿಂದ್ರಾ?" ಎಂದಿದ್ದರು.

ಮೊದಲ ಸಿಟಿಂಗ್ ಆಯಿತು. ಎರಡನೆಯದೂ ಆಯಿತು. ಅದರ ನಂತರದ ಅಳತೆಯ ದಿನ ಅವರು ಬರಲಿಲ್ಲ; ಗಂಗವ್ವನಿಗೆ ಮಂಡಿನೋವು ಎಂದು ತಿಳಿಯಿತು. ಅಳತೆಯ ದಿನ ತಪ್ಪಬಾರದು. ಕ್ಯಾಮೆರಾ ಚೀಲ ಹೆಗಲಿಗೇರಿಸಿ ನಾನೇ ಕರೋಶಿಗೆ ಬಸ್ಸು ಹತ್ತಿದೆ. ಕೆಲಸ ಮುಗಿಯುವಾಗ ಬಿಸಿಲು ಇಳಿಯುತ್ತಿತ್ತು. ಗಂಗವ್ವ ತಾಟು ಇಟ್ಟಳು. "ಉಣ್ರಿ. ನಿಮಗ ಹೊತ್ತ ಮುಣಗಿದ ಮ್ಯಾಲ ನಡೂದಿಲ್ಲಲ್ಲ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಕಣ್ಣಮುಚ್ಚಿ ಉಣ್ರಿ." ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಂಜೆ ಐದೂವರೆಗೆ ನಾನೊಬ್ಬಳೇ ಕುಳಿತು ಉಣ್ಣುವುದನ್ನು ಯಾವತ್ತೋ ನೋಡಿ ಲೆಕ್ಕ ಹಾಕಿದ್ದಳಂತೆ.

ಆಮೇಲೆ ನೆಪ ಬೇಕಾಗಲಿಲ್ಲ. ಗಂಗವ್ವನ ಮಂಡಿ ನೆಟ್ಟಗಾದರೂ ಹದಿನೈದು ದಿನಕ್ಕೊಮ್ಮೆಯ ಅಳತೆಗೆ ನಾನೇ ಹೋಗುತ್ತಿದ್ದೆ. ಇಡೀ ಸರ್ವಿಸಿನಲ್ಲಿ ಪೇಷಂಟ್ ಮನೆಯಲ್ಲಿ ಊಟಕ್ಕೆ ಕುಳಿತದ್ದು ಅದೊಂದೇ ಮನೆ. ಹಾಗೆ ಮಾಡಬೇಡಿ ಎಂದು ನಿಮ್ಮ ಪುಸ್ತಕದಲ್ಲಿ ಬರೆದಿರುತ್ತದೆ. ಸರಿಯಾಗಿಯೇ ಬರೆದಿರುತ್ತದೆ.

ಮೂರನೆಯ ಸಿಟಿಂಗಿಗೆ ಮುಂಚಿನ ಅಳತೆಯಲ್ಲಿ ಒಂದು ವಿಚಿತ್ರ ಕಂಡಿತು. ಕೆಳಗಿನ ಭಾಗ ಮೆತ್ತಗಾಗಿತ್ತು, ಅದು ನಿರೀಕ್ಷೆಯದೇ. ಆದರೆ ಯಂತ್ರ ಮುಟ್ಟದ ಮೇಲಿನ ಭಾಗವೂ ಸಡಿಲಾಗಿತ್ತು. ಚಿವುಟಿ ಎತ್ತಿದರೆ ಏಳುತ್ತಿತ್ತು. "ಮ್ಯಾಲ ಎಷ್ಟಾಣೆ?" ಎಂದೆ. ರಾಜಶ್ರೀ ನೆಲ ನೋಡುತ್ತಾ, "ನಾಕಾಣೆ ಕಡಿಮಿ ಆಗೇತ್ರಿ," ಎಂದಳು.

ತಾಟಿನ ಮುಂದೆ ಕುಳಿತಾಗ ಗಂಗವ್ವ ತಾನಾಗಿಯೇ ಹೇಳಿದಳು. ಹೇಳಿದ್ದೇನು, ಜಂಬದಿಂದ ಸಾರಿದಳು. ಕೆಳಗಿನ ಭಾಗಕ್ಕೆಂದು ನಾವು ಕೊಟ್ಟ ಜೆಲ್ಲನ್ನು ಮೇಲಕ್ಕೂ ಹಚ್ಚುತ್ತಿದ್ದಳು. ಅಲ್ಲದೆ ದಿನಾ ಮುಂಜಾನೆ ತುಪ್ಪ ಸವರಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ, ಮೇಲಿನ ಭಾಗವನ್ನಷ್ಟೇ ತಿಕ್ಕುತ್ತಿದ್ದಳು.

"ನೀವು ಕೆಳಗ ಬಡಿಸಿದ್ರಿ, ನಾ ಮ್ಯಾಲ ಬಡಿಸಿದೆ. ಪಂಗ್ತಿ ಸರಿ ಆತು. ನಿಮ್ಮ ಮಿಷಿನ್ ಗೆಲ್ಲತೈತೋ ಈ ಮುದಿಕಿ ಗೆಲ್ಲತಾಳೋ ನೋಡೂಣು!"

ನಾನೂ ನಕ್ಕೆ. ನಗುತ್ತಲೇ ಕೈಯಲ್ಲಿದ್ದ ತುತ್ತು ಭಾರವಾಯಿತು. ನಿಯಮದ ಪ್ರಕಾರ ಇದನ್ನು ಬರೆಯಬೇಕು. ಬರೆದರೆ ಏನಾದೀತೆಂದು ಗೊತ್ತಿತ್ತು. ಬರೆಯದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡನೆಯ ಸಲ ಯಾರೂ ನೋಡದ ಜಾಗದಲ್ಲಿ ನಾನು ನಿಂತಿದ್ದೆ. ವಾಪಸ್ಸು ಬರುವ ಬಸ್ಸಿನಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತು ನಿಂತು ಸಾಗುವಾಗ, ತೊಡೆಯ ಮೇಲೆ ಫೈಲಿಟ್ಟು ಬರೆದೆ.

ಮರುದಿನ ಸರ್ ಓದಿ ಕನ್ನಡಕ ತೆಗೆದಿಟ್ಟರು. "ಸಿಸ್ಟರ್, ಯಂತ್ರದಿಂದ ಆದದ್ದು ಯಾವುದು, ಮುದುಕಿಯಿಂದ ಆದದ್ದು ಯಾವುದು ಅಂತ ಇನ್ನು ಹೇಗೆ ಹೇಳೋದು? ಹೋಲಿಸೋದಕ್ಕೆ ಏನೂ ಉಳಿದಿಲ್ಲ. ಡ್ರಾಪ್ ಹರ್."

"ಸರ್, ಇನ್ನೂ ಎರಡು ಸಿಟಿಂಗ್ ಇವೆ. ಮೇಲಿನ ಭಾಗಾನೂ ಕೊನೆಗೆ ಮಾಡಿಕೊಡ್ತೀವಿ ಅಂತ ಮಾತು ಕೊಟ್ಟಿದ್ದೇನೆ."

"ಯಾರ ಪರವಾಗಿ?"

ಸರ್ ಫೈಲು ಮುಚ್ಚಿದರು. "ಯಂತ್ರ ನಮ್ಮದಲ್ಲ ಸಿಸ್ಟರ್. ಸ್ಟಡಿಗೆ ಅಂತ ಕಂಪನಿ ಕೊಟ್ಟದ್ದು. ಲಿಸ್ಟಿನಲ್ಲಿದ್ದವರ ಸಿಟಿಂಗ್ ಮುಗಿದ ದಿನ ತಗೊಂಡು ಹೋಗ್ತಾರೆ. ಲಿಸ್ಟಿನಲ್ಲಿ ಇಲ್ಲದವರಿಗೆ ಹಚ್ಚೋ ಹಾಗಿಲ್ಲ," ಎಂದರು. ಅಷ್ಟು ವರ್ಷ ಆ ಯಂತ್ರದ ಧೂಳು ಒರೆಸಿದವಳು ನಾನು. ಅದು ಯಾರದು ಎಂದು ಒಮ್ಮೆಯೂ ಕೇಳಿರಲಿಲ್ಲ. ಮಾತು ಕೊಡುವ ಮೊದಲು ಅದನ್ನು ಕೇಳಿಕೊಳ್ಳಿ.

ಸರ್ ಕೆಟ್ಟವರಲ್ಲ. ಅವರು ಕಲಿತ ಪದ್ಧತಿ ಹಾಗಿತ್ತು. ಈಗಿನ ಹುಡುಗರು ಹಾಗೆ ಕೈಬಿಡುವುದಿಲ್ಲ ಎಂದು ಕೇಳಿದ್ದೇನೆ. ಲಕೋಟೆಯಲ್ಲಿ ಬಂದ ಪ್ರಕಾರವೇ ಎಣಿಸುತ್ತಾರೆ, ಮನೆಯಲ್ಲಿ ಮುದುಕಿ ಏನೇ ಮಾಡಿರಲಿ. ಮನುಷ್ಯರು ಮನುಷ್ಯರ ಹಾಗೆಯೇ ಇರುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ಲೆಕ್ಕ ಹಾಕುತ್ತಾರೆ. ಆ ತಿಳಿವಳಿಕೆ ನಮ್ಮ ಕಡೆಗೆ ತಡವಾಗಿ ಬಂತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬರೆದದ್ದು ತಪ್ಪಲ್ಲ, ಇವತ್ತಿಗೂ ಹಾಗೆಯೇ ಬರೆಯುತ್ತೇನೆ. ಬರೆದ ಮೇಲೆ ಮಾಡಿದ್ದು ತಪ್ಪು. ಕರೋಶಿಯ ಬಸ್ಸು ಎಷ್ಟು ಹೊತ್ತಿಗೆ ಎಂದು ನನಗೆ ಬಾಯಿಪಾಠವಿತ್ತು. ಆ ಮನೆಯಲ್ಲಿ ನನ್ನದೇ ಎಂದು ಒಂದು ತಾಟಿತ್ತು. ಹೋಗಿ ಎದುರು ಕುಳಿತು ಹೇಳಬೇಕಿತ್ತು. ನಾನು ವಿಭಾಗದ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಟೈಪು ಮಾಡಿಸಿ, ಸರ್ ಸಹಿ ಹಾಕಿಸಿ, ಅಂಚೆಗೆ ಹಾಕಿದೆ. ನನ್ನ ಸಹಿ ಕೂಡ ಅದರಲ್ಲಿರಲಿಲ್ಲ.

ಮೂರನೆಯ ಸಿಟಿಂಗಿನ ದಿನ ಅವರು ಬಂದರು.

ಕಾರಿಡಾರಿನ ತುದಿಯಲ್ಲಿ ಗಂಗವ್ವನ ಹಸಿರು ಸೀರೆ ಕಂಡಿತು, ಹಿಂದೆ ರಾಜಶ್ರೀ. ನಾನು ಪಕ್ಕದ ರೆಕಾರ್ಡ್ ರೂಮಿಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಯೋಚಿಸಿ ಮಾಡಿದ್ದಲ್ಲ. ಕಾಲು ತಾನೇ ಹೋಯಿತು. ಒಳಗೆ ಕಲೆಗಳ ಫೋಟೋಗಳ ರ‍್ಯಾಕುಗಳ ನಡುವೆ ಸ್ಟೂಲಿನ ಮೇಲೆ ಕುಳಿತೆ. ಆಚೆ ಲೇಸರ್ ಕೋಣೆಯಲ್ಲಿ ಬೇರೆ ಯಾರದೋ ಪಾಳಿ ನಡೆದಿತ್ತು. ಚಿಟ್, ಚಿಟ್, ಚಿಟ್. ನಡುವೆ ಅಟೆಂಡರ್ ಹೇಳುವುದು ಕೇಳಿಸಿತು: "ನಿಮ್ಮ ಹೆಸರು ತಗದಾರ್ರಿ ಅಜ್ಜಿ. ಕಾಗದಾ ಬಂದಿಲ್ಲೇನು?"

"ಬಂದೈತಿ. ಅದು ಸಾಹೇಬರ ಕಾಗದಾ. ನಾವು ನರ್ಸಬಾಯಾರ ಮಾತಿಗಿ ಬಂದೀವಿ."

"ಸಿಸ್ಟರ ಇವತ್ತ ರಜಾ ಅದಾರ್ರಿ." ಅವನಿಗೆ ಹಾಗೆ ಹೇಳು ಎಂದು ನಾನು ಹೇಳಿರಲಿಲ್ಲ. ಹೇಳಬೇಡ ಎಂದೂ ಹೊರಗೆ ಬರಲಿಲ್ಲ.

ಅವರು ಬೆಂಚಿನ ಮೇಲೆ ಕುಳಿತರು. ಮಧ್ಯಾಹ್ನದ ಬಸ್ಸಿನ ತನಕ ಕುಳಿತೇ ಇದ್ದರು. ಒಳಗೆ ನಾನೂ ಕುಳಿತಿದ್ದೆ. ಯಂತ್ರ ನಿಲ್ಲುವುದು, ಮತ್ತೆ ಶುರುವಾಗುವುದು, ಯಾರೋ "ಮುಗೀತೇನ್ರಿ" ಎನ್ನುವುದು, ಎಲ್ಲವೂ ನಮ್ಮ ಮೂವರಿಗೂ ಒಂದೇ ಸಮ ಕೇಳಿಸುತ್ತಿತ್ತು. ಹೊರಗೆ ಬಂದಾಗ ಅಟೆಂಡರ್ ಒಂದು ಸ್ಟೀಲಿನ ಡಬ್ಬಿ ಕೊಟ್ಟ. ಒಳಗೆ ಆರು ಶೇಂಗಾ ಹೋಳಿಗೆ.

ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಏನು ತುಂಬಿಸಿ ಕೊಡಲಿ ಎಂದು ಯೋಚಿಸುತ್ತಾ ಒಂದು ಭಾನುವಾರ ಕಳೆಯಿತು, ಹತ್ತು ಕಳೆದವು. ಯಂತ್ರವನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ ಲಾರಿ ಹತ್ತಿಸಿದರು. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಬಿಳಿ ಪಾದಗಳು ಮಾತ್ರ ಉಳಿದವು. ಇನ್ನು ಯಾವ ಮುಖ ಹೊತ್ತು ಹೋಗುವುದು? ವರದಿ ಅಚ್ಚಾಯಿತು. 'ಒಬ್ಬರನ್ನು ಕೈಬಿಡಲಾಗಿದೆ' ಎಂಬ ಒಂದು ಸಾಲು ಅದರಲ್ಲಿತ್ತು. ನಾನು ರಿಟೈರ್ ಆದೆ. ಆ ಡಬ್ಬಿಯಲ್ಲೇ ಈಗ ನನ್ನ ಸಾಸಿವೆ ಇರುವುದು.

ಸಂಜೆ ಬೇಗ ಉಂಡು ಮುಗಿಸಿದವಳಿಗೆ ಹಗಲು ಬಹಳ ಉಳಿದುಬಿಡುತ್ತದೆ. ಹೊತ್ತು ಮುಳುಗುವ ತನಕ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಹೋಗಿ ಕೂರುತ್ತೇನೆ. ಬಸ್ಸು ಹಿಡಿಯುವುದಕ್ಕಲ್ಲ, ಮಾತು ಕೇಳುವುದಕ್ಕೆ. ಹೋದ ವರ್ಷ ಹಾಗೆ ಕುಳಿತಿದ್ದಾಗ ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಎದುರು ಬಂದು ನಿಂತಳು. ಸೊಂಟದ ಮೇಲೆ ಎರಡು ವರ್ಷದ ಕೂಸು.

"ಸಿಸ್ಟರ ಅಲ್ರಿ?"

ದನಿಯಿಂದ ಗುರುತು ಹಿಡಿದೆ. ಅಕ್ಕೋಳಕ್ಕೆ ಕೊಟ್ಟಿದ್ದಾರೆ, ನಿಪ್ಪಾಣಿ ಬಸ್ಸಿಗೆ ಕಾಯುತ್ತಿದ್ದೇನೆ ಎಂದಳು ರಾಜಶ್ರೀ. ಆಯಿ ಹೋಗಿ ಎರಡು ವರ್ಷವಾಯಿತು ಎಂದಳು.

"ಅವತ್ತ ನಾ ರಜಾ ಇರಲಿಲ್ಲವ್ವ. ಒಳಗ ಇದ್ದೆ."

"ಗೊತ್ತಿತ್ರಿ."

"ಹೆಂಗ?"

"ನಿಮ್ಮ ಚಪ್ಪಲಿ ಬಾಗಲದಾಗ ಇದ್ವು. ಆಯಿ ಮೊದಲ ನೋಡಿದ್ಲು." ರೆಕಾರ್ಡ್ ರೂಮಿಗೆ ಚಪ್ಪಲಿ ಬಿಟ್ಟು ಹೋಗುವುದು ನಮ್ಮಲ್ಲಿ ನಿಯಮ. ಅಡಗಿಕೊಳ್ಳಲು ಹೋದವಳು ಆ ನಿಯಮವನ್ನೂ ಪಾಲಿಸಿದ್ದೆ. "ನಾ ಕದಾ ಬಡೀತೀನಿ ಅಂದೆ. ಬ್ಯಾಡ ಅಂದ್ಲು. 'ಹೊರಗ ಬರೂ ಮನಸ್ಸಾದ್ರ ಬರತಾರ, ಕುಂಡ್ರೂಣು' ಅಂದ್ಲು. ಬಸ್ಸಿನ ಹೊತ್ತ ಆತು, ಡಬ್ಬಿ ಕೊಟ್ಟ ಬಂದ್ವಿ."

ನಾನು ಅವಳ ಮೊಣಕೈ ಹಿಡಿದುಕೊಂಡೆ. "ಈಗ ಬೆಳಗಾವಿಯೊಳಗ ಇನ್ನೂ ಛಲೋ ಮಿಷಿನ್ ಬಂದಾವ. ನಾ ಕರಕೊಂಡ ಹೋಗತೀನಿ. ಎಲ್ಲಾ ನಾನ ನೋಡಕೋತೀನಿ. ಮ್ಯಾಲಿನ ಭಾಗ ಮಾಡಿಸೂಣು. ಭಂಡಾರ ಮುಟ್ಟೀನಿ ನಾ."

ಅವಳು ಕೂಸನ್ನು ನನ್ನ ಪಕ್ಕ ಕೂರಿಸಿ, ಜನರ ನಡುವೆಯೇ ಸೆರಗು ಹಿಂದೆ ಸರಿಸಿದಳು. ಎರಡೂ ಪಾದ ಜೋಡಿಸಿ ನಿಂತು, ಗದ್ದ ಮೇಲೆತ್ತಿ, ಬಲಕ್ಕೆ ಹೊರಳಿದಳು. ಬಿಳಿ ಪಾದಗಳ ಮೇಲೆ ನಾನು ಕಲಿಸಿದ ನಿಲುವು. ಅಳಗಾಡಲಿಲ್ಲ.

"ಮೊದಲ ಅಳೀರಿ. ಎಷ್ಟಾಣೆ ಕಡಿಮಿ ಐತ್ರಿ ಮ್ಯಾಲ?"

ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ, ಸ್ಕೇಲ್ ಇರಲಿಲ್ಲ. ಎರಡು ಬೆರಳಿನಿಂದ ಮೆಲ್ಲಗೆ ಚಿವುಟಿ ಎತ್ತಿದೆ. ಹೆಚ್ಚು ಹೇಳಲು ಮನಸ್ಸು ಹಾರಿತು. ಬಾಯಿ ಬರಲಿಲ್ಲ.

"ನಾಕಾಣೆ ಕಡಿಮಿ. ಅವತ್ತಿನಷ್ಟ ಐತಿ."

"ಹೌದ್ರಿ. ಅದು ಆಯಿ ಮಾಡಿದ್ದು." ಅವಳು ಸೆರಗು ಎಳೆದುಕೊಂಡಳು. "ಅದರ ಮ್ಯಾಲ ಮಿಷಿನ್ ಹಚ್ಚಿದ್ರ, ಆಯಿದು ಯಾವುದು, ಮಿಷಿನ್ದು ಯಾವುದು, ಆಮ್ಯಾಲ ಹೆಂಗ ಗೊತ್ತಾಗಬೇಕ್ರಿ? ಇರ್ಲಿ ಬಿಡ್ರಿ."

ನಿಪ್ಪಾಣಿ ಬಸ್ಸು ಬಂತು. ಕೂಸನ್ನು ಎತ್ತಿಕೊಂಡು ಗುಂಪಿನಲ್ಲಿ ನುಗ್ಗಿ ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. ಆಗ ನೆನಪಾಯಿತು. ಓಡಿದೆ, ನನ್ನ ವಯಸ್ಸಿಗೆ ಎಷ್ಟು ಓಡಬಹುದೋ ಅಷ್ಟು. "ರಾಜಶ್ರೀ! ಡಬ್ಬಿ! ನಿಮ್ಮ ಡಬ್ಬಿ ನನ್ನ ಹತ್ರ ಐತಿ!"

ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ಸೆರಗನ್ನು ಒಂದಿಷ್ಟು ಎತ್ತಿ, ಎಡಗಿವಿಗೆ ಕೈ ಮಡಿಚಿ ಹಿಡಿದು, "ಆಂ?" ಎನ್ನುವಂತೆ ನನ್ನ ಕಡೆ ಬಾಗಿದಳು. ಕಿವಿಯ ಕೆಳಗಿನ ಆ ಗಟ್ಟಿ ಚರ್ಮಕ್ಕೆ ಇಳಿಬಿಸಿಲು ಪಕ್ಕದಿಂದ ಬಿದ್ದಿತ್ತು. ಬಸ್ಸು ಹೊರಳಿತು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಕೇಳಿಸಿಕೊಳ್ಳಲು ಕಾಯುತ್ತಿರುವವಳಂತೆ.